ಊರಿನ ಹಿರಿಯರನ್ನು ನೋಡಿಕೊಳ್ಳಲು ನರ್ಸ್ ಆಗಿರಬೇಕಾ?

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಕ್ಕಳೆಲ್ಲ ಬೆಂಗಳೂರು, ಮೈಸೂರು ಸೇರಿದ್ದಾರೆ. ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದವರು ಮಾತ್ರ ಉಳಿದಿದ್ದಾರೆ. ನಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ಇವರಿಗೆ ಏನಾದರೂ ಮಾಡೋಣ ಅಂದುಕೊಂಡಿದ್ದೇವೆ. ವರ್ಷಕ್ಕೊಂದು ಆರೋಗ್ಯ ಶಿಬಿರ ಮಾಡಿಸಿದರೆ ಸಾಕಾ, ಇಲ್ಲ ಮನೆಮನೆಗೆ ಹೋಗಬೇಕಾ? ನಾವ್ಯಾರೂ ನರ್ಸ್ ಅಲ್ಲ. ಇನ್ನೊಂದು ವಿಷಯ: ನಮ್ಮತ್ತೆಗೆ 74 ವರ್ಷ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ತಗೋತಾರೆ. ಇತ್ತೀಚೆಗೆ ಬೆಳಗಿನ ಹೊತ್ತು ತಲೆ ಸುತ್ತು ಅಂತಾರೆ, ಒಂದು ಸಲ ಬಚ್ಚಲಲ್ಲಿ ಬಿದ್ದರು. ಕೇಳಿದವರೆಲ್ಲ ‘ವಯಸ್ಸಾಯ್ತಲ್ಲ’ ಅಂತಾರೆ. ಹೌದಾ?

ಉತ್ತರ: ಮೊದಲು ನಿಮ್ಮ ಅತ್ತೆಯವರ ವಿಷಯ ನೋಡೋಣ. ಅದನ್ನು ಮುಂದೂಡುವ ಹಾಗಿಲ್ಲ. ಸಂಘದ ಪ್ರಶ್ನೆಗೂ ಅಲ್ಲಿಂದಲೇ ದಾರಿ ಸಿಗುತ್ತದೆ.

ಬರೀ ವಯಸ್ಸಾಯಿತು ಅಂತ ಯಾರಿಗೂ ತಲೆ ಸುತ್ತುವುದಿಲ್ಲ. ಏನೋ ಒಂದು ಕಾರಣ ಇರುತ್ತದೆ, ಹುಡುಕಿದರೆ ಹೆಚ್ಚಿನ ಸಲ ಸಿಗುತ್ತದೆ. ಇಂಥವರು ಬಂದಾಗ ನಾನು ಮೊದಲು ಕೇಳುವುದು ಎರಡೇ: ಮಾತ್ರೆ ಎಷ್ಟು ಹೊತ್ತಿಗೆ, ತಿಂಡಿ ಎಷ್ಟು ಹೊತ್ತಿಗೆ? ನಮ್ಮ ಕಡೆ ಬೆಳಗಾಗೆದ್ದು ಒಂದು ಲೋಟ ಕಾಫಿ, ಅದರ ಜೊತೆಗೇ ಎಲ್ಲ ಮಾತ್ರೆ. ಆಮೇಲೆ ಕೊಟ್ಟಿಗೆ, ಅಂಗಳ, ಪೂಜೆ. ರೊಟ್ಟಿ ತಟ್ಟೆಗೆ ಬರುವಾಗ ಹತ್ತು ಗಂಟೆ. ಶುಗರ್ ಮಾತ್ರೆಗಳಲ್ಲಿ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದವು ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ, ಸಕ್ಕರೆ ಇಳಿಸುತ್ತಲೇ ಇರುತ್ತವೆ. ವಯಸ್ಸಾದಂತೆ ಕಿಡ್ನಿಯ ಕೆಲಸ ನಿಧಾನವಾಗುವುದರಿಂದ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಶನಿವಾರ ಒಪ್ಪತ್ತು ಮಾಡುವವರಾದರೆ ಆ ದಿನ ಇನ್ನೂ ಕಷ್ಟ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಹೀಗೆ ಇಳಿಯುವುದು ಅಪರೂಪ. ಹಾಗಾಗಿ ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿ.

ತಲೆ ಸುತ್ತಿದ ಹೊತ್ತಿನಲ್ಲೇ ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ಹಾಕಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಕೊಡಿ. ಮೀಟರ್ ಇಲ್ಲ, ಆದರೆ ಬೆವರು, ನಡುಕ, ತೊದಲು ಇದೆ ಅಂದರೆ ಪರೀಕ್ಷೆಗೆ ಕಾಯದೆ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಎರಡನೆಯದು ಬಿಪಿ. ಕುರ್ಚಿಯಲ್ಲಿ ಕೂರಿಸಿ ಅಳೆದರೆ ನಿಮ್ಮ ಅತ್ತೆಯವರ ತೊಂದರೆ ಕಾಣದೇ ಹೋಗಬಹುದು. ಐದು ನಿಮಿಷ ಮಲಗಿಸಿ ಅಳೆಯಬೇಕು. ಆಮೇಲೆ ಎದ್ದು ನಿಲ್ಲಲು ಹೇಳಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆಯಬೇಕು. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ, ಎದ್ದ ಕೂಡಲೇ ತಲೆಗೆ ರಕ್ತ ಸಾಲುತ್ತಿಲ್ಲ ಅಂತ ಅರ್ಥ. ಇದಕ್ಕೆ ಮಾತ್ರೆ ಹೆಚ್ಚಾಗಿರಬಹುದು, ನೀರು ಕುಡಿಯುವುದು ಕಮ್ಮಿ ಆಗಿರಬಹುದು, ಹಳೆಯ ಶುಗರ್‌ನಿಂದ ನರಗಳು ಸೋತಿರಬಹುದು. ಮೂತ್ರ ಜಾಸ್ತಿ ಹೋಗಿಸುವ ಬಿಪಿ ಮಾತ್ರೆ ಇದ್ದರೆ ರಕ್ತದಲ್ಲಿ ಸೋಡಿಯಂ ಕೂಡ ಇಳಿಯಬಹುದು. ಆಗ ತಲೆ ಸುತ್ತಿನ ಜೊತೆಗೆ ಮಂಕು, ಮರೆವು ಎಲ್ಲ ಬರುತ್ತವೆ.

ಹಾಗಂತ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಎಲ್ಲ ಅಂದರೆ ದಿಂಬಿನ ಕೆಳಗಿನದು, ದೇವರ ಗೂಡಿನದು, ಪಕ್ಕದ ಮನೆಯವರು ಕೊಟ್ಟದ್ದು ಸಮೇತ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ. ಒಂದೇ ಔಷಧ ಎರಡು ಕಂಪನಿ ಹೆಸರಲ್ಲಿ ಎರಡು ಹಾಳೆ ಸಿಗುವುದು ತೀರಾ ಮಾಮೂಲು. ಬೇಲೂರಿನ ಡಾಕ್ಟರ್ ಒಂದು ಬರೆದಿರುತ್ತಾರೆ, ಚಿಕ್ಕಮಗಳೂರಿನಲ್ಲಿ ತೋರಿಸಿದಾಗ ಅದನ್ನೇ ಬೇರೆ ಹೆಸರಲ್ಲಿ ಬರೆದಿರುತ್ತಾರೆ, ಅಜ್ಜಿ ಎರಡನ್ನೂ ನುಂಗುತ್ತಿರುತ್ತಾರೆ. ಜೊತೆಗೆ ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫಿನ್ಯಾಕ್. ಅದು ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ, ಹೊಟ್ಟೆಯೊಳಗೆ ರಕ್ತ ಒಸರುವಂತೆ ಮಾಡುತ್ತದೆ. ಮಲ ಕಪ್ಪಗೆ ಟಾರಿನ ಹಾಗೆ ಹೋದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರ ಶುಗರ್ ಅನ್ನು ಯುವಕರಷ್ಟು ಬಿಗಿಯಾಗಿ ಹಿಡಿಯುವ ಅಗತ್ಯವೂ ಇಲ್ಲ. ಸ್ವಲ್ಪ ಸಡಿಲ ಬಿಡಬಹುದಾ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ.

ಈಗ ಗಮನಿಸಿ. ಮೇಲೆ ಹೇಳಿದ್ದರಲ್ಲಿ ಡಾಕ್ಟರ್ ಮಾಡಬೇಕಾದ್ದು ಕೊನೆಯ ತೀರ್ಮಾನ ಮಾತ್ರ. ತಿಂಡಿ ಎಷ್ಟು ಹೊತ್ತಿಗೆ ಅಂತ ನೋಡಿದ್ದು, ಮಲಗಿಸಿ ನಿಲ್ಲಿಸಿ ಬಿಪಿ ಅಳೆದದ್ದು, ಮಾತ್ರೆ ಗುಡ್ಡೆ ಹಾಕಿದ್ದು, ಇವೆಲ್ಲ ಮನೆಯಲ್ಲೇ ಆಗುವ ಕೆಲಸ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಜ್ಜಿಯ ಬಚ್ಚಲುಮನೆ ಕಾಣುವುದಿಲ್ಲ. ನಿಮ್ಮ ಸಂಘದವರ ಕಣ್ಣಿಗೆ ಕಾಣುತ್ತದೆ. ಇದಕ್ಕೆ ನರ್ಸ್ ಆಗಿರಬೇಕಿಲ್ಲ. ಒಬ್ಬರೇ ಮನುಷ್ಯರು, ಒಂದೇ ಮನೆಗೆ, ಗೊತ್ತಾದ ದಿನ, ಬಿಡದೆ ಹೋಗಬೇಕು ಅಷ್ಟೇ.

ಆದ್ದರಿಂದ ಶಿಬಿರ ಬೇಡ ಅನ್ನುವುದೇ ನನ್ನ ಸಲಹೆ. ಕಟುವಾಯಿತೇನೋ. ಶಿಬಿರದಲ್ಲಿ ಶಾಮಿಯಾನ ಹಾಕುತ್ತಾರೆ, ಬಿಪಿ ನೋಡುತ್ತಾರೆ, ಹತ್ತು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಹನ್ನೊಂದನೇ ಮಾತ್ರೆ ಎಲ್ಲಿಂದ ಬರಬೇಕು ಅಂತ ಯಾರೂ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಶಿಬಿರಕ್ಕೆ ಬರುವವರು ನಡೆದು ಬರಬಲ್ಲವರು. ನಿಮ್ಮ ಸಹಾಯ ನಿಜವಾಗಿ ಬೇಕಾದವರು ಜಗುಲಿ ಇಳಿಯಲಾರದೆ ಒಳಗೇ ಕೂತಿರುತ್ತಾರೆ. ಕಣ್ಣಿನ ಪೊರೆಯ ತಪಾಸಣೆ ಒಂದಕ್ಕೆ ಶಿಬಿರ ಒಳ್ಳೆಯದು. ಅಲ್ಲಿ ಪೊರೆ ಗುರುತಿಸಿದರೆ ಉಚಿತ ಆಪರೇಷನ್‌ಗೆ ಕರೆದೊಯ್ಯುವ ವ್ಯವಸ್ಥೆಯೂ ಇರುತ್ತದೆ.

ಮನೆಭೇಟಿಯ ದಾರಿಯನ್ನು ನಮ್ಮ ಪಕ್ಕದ ಕೇರಳದವರು ಚೆನ್ನಾಗಿಯೇ ನಡೆದು ತೋರಿಸಿದ್ದಾರೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ಡಾಕ್ಟರುಗಳು ನೋವು ಉಪಶಮನದ ಒಂದು ಸೊಸೈಟಿ ಶುರು ಮಾಡಿದರು. ಕ್ಲಿನಿಕ್‌ಗೆ ಬರಲಾಗದ ರೋಗಿಗಳೇ ಜಾಸ್ತಿ ಅಂತ ಬೇಗ ಗೊತ್ತಾಯಿತು. ಆ ದಶಕದ ಕೊನೆಯ ಹೊತ್ತಿಗೆ ಮಲಪ್ಪುರಂ ಕಡೆ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಅಕ್ಕಪಕ್ಕದ ಮನೆಗಳ ಹೊಣೆ ಒಪ್ಪಿಸಿದರು. ಅವರು ಕೇಳಿದ್ದು ವಾರಕ್ಕೆ ಕನಿಷ್ಠ ಎರಡು ಗಂಟೆ. ಜನ ಕೊಟ್ಟರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿತು, ಪಂಚಾಯಿತಿಗಳು ನರ್ಸುಗಳನ್ನು ಮನೆಮನೆಗೆ ಕಳಿಸತೊಡಗಿದವು. ನಮ್ಮ ಮಲೆನಾಡಿನಲ್ಲಿ ಮನೆಗಳು ದೂರ ದೂರ, ತೋಟದ ನಡುವೆ ಒಂಟಿ ಮನೆಗಳು. ಅವರ ಲೆಕ್ಕ ಹಾಗೇ ನಮಗೆ ಕೂಡಿಬರುವುದಿಲ್ಲ. ಆದರೆ ವಾರಕ್ಕೆ ಎರಡು ಗಂಟೆ ನಿಮ್ಮ ಸಂಘದವರಿಗೂ ಆಗದ ಮಾತಲ್ಲ.

ಎಲ್ಲರ ಮನೆಗೂ ಹೋಗಲು ಹೊರಟರೆ ಮೂರೇ ತಿಂಗಳಲ್ಲಿ ಕೈಬಿಡುತ್ತೀರಿ. ಮೊದಲು ಪಟ್ಟಿ ಮಾಡಿ. ಒಬ್ಬರೇ ಇರುವವರು, 80 ದಾಟಿದವರು, ವರ್ಷದೊಳಗೆ ಒಮ್ಮೆ ಬಿದ್ದವರು, ಇತ್ತೀಚೆಗೆ ಆಸ್ಪತ್ರೆಯಿಂದ ಮನೆಗೆ ಬಂದವರು, ಹಾಸಿಗೆ ಹಿಡಿದವರು. ಇವರಿಂದ ಶುರು ಮಾಡಿ. ಒಬ್ಬೊಬ್ಬರಿಗೆ ಹತ್ತಿರದ ಮೂರು ಮನೆ ಸಾಕು. ಆಸ್ಪತ್ರೆಯಿಂದ ಬಂದ ಮೊದಲ ಎರಡು ವಾರ ಮಾತ್ರ ಒಂದೆರಡು ಸಲ ಜಾಸ್ತಿ ಹೋಗಿ. ಹೊಸ ಮಾತ್ರೆ ಹಳೆಯದರ ಜೊತೆ ಬೆರೆತು ಗೊಂದಲ ಆಗುವುದು ಆಗಲೇ.

ಪಟ್ಟಿ ಮಾಡುವಾಗ ಎಸ್ಟೇಟಿನ ಲೈನ್ ಮನೆಗಳನ್ನು, ಅಂದರೆ ತೋಟದ ಕೆಲಸದವರಿಗೆ ಎಸ್ಟೇಟಿನವರು ಕೊಟ್ಟ ಸಾಲುಮನೆಗಳನ್ನು, ಬಿಟ್ಟುಬಿಡಬೇಡಿ. ಅಲ್ಲಿ 60ಕ್ಕೇ ಮೈ 75ರ ಹಾಗೆ ಸವೆದಿರುತ್ತದೆ. ಎಷ್ಟೋ ಕಡೆ ಮನೆ ಉಳಿಯಬೇಕಾದರೆ ಯಾರಾದರೂ ಒಬ್ಬರು ಕೆಲಸಕ್ಕೆ ಹೋಗುತ್ತಿರಬೇಕು. ಹಾಗಾಗಿ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಇವರು ನಮ್ಮ ಮನೆಯೊಳಗೆ ಯಾಕೆ ಬಂದರು, ನಾವು ಅವರ ಕೇರಿಗೆ ಹೇಗೆ ಹೋಗುವುದು ಅನ್ನುವ ಮಾತು ನಿಮ್ಮೂರಲ್ಲೂ ಏಳಬಹುದು. ಅದನ್ನು ಸಂಘದ ಮೊದಲ ಸಭೆಯಲ್ಲೇ ಮಾತಾಡಿ ಮುಗಿಸಿ. ಸುಮ್ಮನೆ ಮುಚ್ಚಿಟ್ಟರೆ ಮನೆಗಳ ಪಟ್ಟಿ ತಾನಾಗಿಯೇ ಜಾತಿಯ ಪಟ್ಟಿ ಆಗಿಬಿಡುತ್ತದೆ.

ಇನ್ನು ಹೋದ ಮೇಲೆ ಏನು ನೋಡಬೇಕು? ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗಾಗಿ ಒಂದು ಸರಳ ಕ್ರಮ ಮಾಡಿದೆ. ನೆನಪು, ನಡಿಗೆ, ಊಟ, ಕಣ್ಣು, ಕಿವಿ, ಮನಸ್ಸು ಈ ಆರನ್ನು ನೋಡಿ ಅನ್ನುತ್ತದೆ. ಕಾಯಿಲೆಯ ಹೆಸರು ನಿಮಗೆ ಗೊತ್ತಿರಬೇಕಾಗಿಲ್ಲ. ಕೈ ಊರದೆ, ಕೈ ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. 14 ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಸಾಲದು, ಬೀಳುವ ಸಂಭವ ಹೆಚ್ಚು. ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಮೂರು ಪದ ಹೇಳಿ, ಹಸು, ಬಾವಿ, ಕಂಬಳಿ ಅಂತೇನಾದರೂ. ಸ್ವಲ್ಪ ಹೊತ್ತು ಬೇರೆ ಮಾತಾಡಿ ಮತ್ತೆ ಕೇಳಿ. ಮೂರು ತಿಂಗಳಲ್ಲಿ ಮೂರು ಕಿಲೋಗಿಂತ ಜಾಸ್ತಿ ತೂಕ, ಇಳಿಸಬೇಕು ಅಂತ ಇಲ್ಲದೆ, ಇಳಿದಿದೆಯಾ? ನಡೆಯಬಲ್ಲವರಿಗೆ ತೂಕದ ಯಂತ್ರ ಅಂಗನವಾಡಿಯಲ್ಲಿ ಸಿಗುತ್ತದೆ, ಟೀಚರನ್ನು ಕೇಳಿ. ಯಂತ್ರ ಇಲ್ಲದಿದ್ದರೆ ಬಳೆ ಸಡಿಲ ಆಗಿದೆಯಾ, ಪಂಚೆ ಜಾರುತ್ತಿದೆಯಾ ನೋಡಿ.

ಊಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಹಳ್ಳಿಯಲ್ಲಿ ಹಿರಿಯರು ಸೊರಗುವುದು ಇಲ್ಲೇ. ಹಲ್ಲು ಹೋದ ಮೇಲೆ ಗಂಜಿ, ಅನ್ನ ತಿಳಿಸಾರು, ಮೆತ್ತಗಿನ ಮುದ್ದೆ, ಕಾಫಿ ಜೊತೆ ಬನ್ನು. ಹೊಟ್ಟೆ ತುಂಬುತ್ತದೆ, ಮಾಂಸಖಂಡಕ್ಕೆ ಏನೂ ಸಿಗುವುದಿಲ್ಲ. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂ ಅಥವಾ ಸ್ವಲ್ಪ ಜಾಸ್ತಿ ಪ್ರೊಟೀನ್ ಬೇಕು. 50 ಕಿಲೋ ಇದ್ದವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು ಆರು ಗ್ರಾಂ. ಡಬ್ಬಿಯ ಪುಡಿ ಕೊಳ್ಳಬೇಡಿ. ಮೊಳಕೆ ಹುರುಳಿಯನ್ನು ಬೇಯಿಸಿ ಅರೆದು ಸಾರು ಮಾಡಿ, ಬರೀ ಕಟ್ಟು ಬಸಿದು ಕೊಟ್ಟರೆ ಕಾಳು ಉಳಿದುಹೋಗುತ್ತದೆ. ಹಿತಕಿದ ಅವರೆಬೇಳೆ, ಹೆಸರುಬೇಳೆ ಪೊಂಗಲ್, ಬೇಯಿಸಿದ ಮೊಟ್ಟೆ, ಗಟ್ಟಿ ಮೊಸರು, ಮುಳ್ಳು ತೆಗೆದ ಮೀನು, ಅವರವರ ಮನೆಯ ರೂಢಿಯಂತೆ. ಕಿಡ್ನಿ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ತಿನ್ನಲಿ. ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತಿನ್ನುತ್ತಿರುವವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಬಿ12 ಕಡಿಮೆಯಾಗಿ ಪಾದ ಜುಮ್ಮೆನ್ನಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಒಬ್ಬರೇ ಇರುವವರು ಅಡುಗೆ ಮಾಡುವುದನ್ನೇ ಬಿಡುತ್ತಾರೆ. ಒಂದು ಹಿಡಿ ಅನ್ನಕ್ಕೆ ಯಾಕೆ ಒಲೆ ಹೊತ್ತಿಸಬೇಕು ಅಂತ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಹೋದರೆ ಅದು ಯಾವ ಟಾನಿಕ್‌ಗೂ ಕಮ್ಮಿ ಅಲ್ಲ.

ಬೀಳುವುದರ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ಮಳೆಗಾಲದಲ್ಲಿ ನಮ್ಮ ಅಂಗಳಗಳಲ್ಲಿ ಪಾಚಿ ಕಟ್ಟುತ್ತದೆ. ಬಚ್ಚಲು, ಕಕ್ಕಸು ಮನೆಯಿಂದ ಹೊರಗೆ. ರಾತ್ರಿ ಕರೆಂಟ್ ಇಲ್ಲ. ಎತ್ತರದ ಹೊಸ್ತಿಲು. ಸವೆದ ಹವಾಯಿ ಚಪ್ಪಲಿ. ಇಷ್ಟೂ ಒಂದೇ ದಾರಿಯಲ್ಲಿ ಇರುತ್ತವೆ, ಅಜ್ಜ ಮೂತ್ರಕ್ಕೆ ಎದ್ದು ಹೋಗುವ ದಾರಿ. ಆ ದಾರಿಯಲ್ಲಿ ನೀವು ಒಮ್ಮೆ ರಾತ್ರಿ ನಡೆದು ನೋಡಿ. ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿಸಿ. ಹಾಸಿಗೆಯ ಪಕ್ಕ ಕೈಗೆ ಸಿಗುವಂತೆ ಟಾರ್ಚ್ ಇಡಿ. ಗೋಡೆಗೆ ಒಂದು ಕಬ್ಬಿಣದ ಹಿಡಿ ಹೊಡೆಸಿ, ಗಾರೆ ಕೆಲಸದವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ರಾತ್ರಿ ಹೊರಗೆ ಹೋಗಲೇಬಾರದು ಅನ್ನುವವರಿಗೆ ಹಾಸಿಗೆ ಹತ್ತಿರ ಮುಚ್ಚಳದ ಡಬ್ಬಿ ಇಡುವುದರಲ್ಲಿ ನಾಚಿಕೆಯೇನೂ ಇಲ್ಲ. ಮೂಳೆ ಮುರಿಯುವುದಕ್ಕಿಂತ ಎಷ್ಟೋ ವಾಸಿ.

ಬಿದ್ದವರು ಏಳಲಾರರು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆ ಅಂದರೆ ಸೊಂಟದ ಹತ್ತಿರ ತೊಡೆಮೂಳೆ ಮುರಿದಿರುತ್ತದೆ. ಎಣ್ಣೆ ಹಚ್ಚಿ ಎಳೆಯಬೇಡಿ, ನಾಟಿ ಕಟ್ಟು ಹಾಕಿಸಲು ದಿನ ಕಳೆಯಬೇಡಿ. ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿ. ಈ ವಯಸ್ಸಿಗೆ ಆಪರೇಷನ್ ಯಾಕೆ ಅಂತ ನೆಂಟರು ಹೇಳಿಯೇ ಹೇಳುತ್ತಾರೆ. ಆದರೆ ಒಂದೆರಡು ದಿನದೊಳಗೆ ಆಪರೇಷನ್ ಆದವರು ಬೇಗ ಎದ್ದು ಕೂರುತ್ತಾರೆ. ಆಗದೆ ಹಾಸಿಗೆಯಲ್ಲೇ ಬಿದ್ದವರಿಗೆ ನ್ಯುಮೋನಿಯಾ, ಹಾಸಿಗೆ ಹುಣ್ಣು ಬಂದು ಜೀವಕ್ಕೇ ಕುತ್ತಾಗುತ್ತದೆ.

ದಿನಾ ವಾಕಿಂಗ್ ಮಾಡಿ ಅಂತ ಪೇಟೆ ಡಾಕ್ಟರುಗಳು ಬರೆದುಕೊಡುತ್ತಾರೆ. ಬೇಲೂರು, ಸಕಲೇಶಪುರ, ಆಲೂರು ಕಡೆ ಬೆಳಗಿನ ಜಾವ ತೋಟದ ದಾರಿಯಲ್ಲಿ ಕಾಡಾನೆ ಎದುರಾದರೆ ಆ ಡಾಕ್ಟರ್ ಬರುವುದಿಲ್ಲ. ಅಂಗಳದಲ್ಲೇ ನಡೆಯಲಿ. ಬಿಸಿಲು ಬಂದ ಮೇಲೆ ಕಾಫಿ ಒಣಗಿಸುವ ಕಣದಲ್ಲಿ ನಾಲ್ಕು ಸುತ್ತು. ಜಗುಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಮೇಲೆ ಹೇಳಿದ ಹಾಗೆ ಕುರ್ಚಿಯಿಂದ ಎದ್ದು ಕೂರುವುದು. ಕಾಲಿಗೆ ಬಲ ಬರಲು ಇದೇ ಒಳ್ಳೆಯದು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ವಯಸ್ಸಾದವರಿಗೆ ಸೋಂಕು ಬಂದಾಗ ಜ್ವರ ಬರದೇ ಇರಬಹುದು. ಬದಲಿಗೆ ನಿನ್ನೆಯವರೆಗೂ ಸರಿ ಇದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ, ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ, ಇಲ್ಲವೇ ಮಂಕಾಗಿ ಮಲಗಿಬಿಡುತ್ತಾರೆ. ಮನೆಯವರು ಅರಳುಮರುಳು ಅಂತಲೋ ಗಾಳಿ ಸೋಕಿದೆ ಅಂತಲೋ ಸುಮ್ಮನಾಗುತ್ತಾರೆ. ಅರಳುಮರುಳು ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬರುವುದು. ಒಂದೆರಡು ದಿನದಲ್ಲಿ ಬಂದದ್ದು ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶ ಇಳಿದದ್ದು, ಮಲ ಕಟ್ಟಿದ್ದು ಅಥವಾ ಹೊಸ ಮಾತ್ರೆಯಿಂದ ಆಗಿರುತ್ತದೆ. ಅದನ್ನು ಸರಿಪಡಿಸಿದರೆ ಬುದ್ಧಿಯೂ ಸಾಮಾನ್ಯವಾಗಿ ಸರಿಹೋಗುತ್ತದೆ. ಅವತ್ತೇ ತೋರಿಸಬೇಕು. ಮುಖ ಸೊಟ್ಟ, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರಂತೂ ಒಂದು ನಿಮಿಷವೂ ಕಾಯಬೇಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಅದರೊಳಗೆ ಸಿ.ಟಿ. ಸ್ಕ್ಯಾನ್ ಕೂಡ ಆಗಬೇಕು. ಬೇಲೂರಿನಿಂದ ಹಾಸನ ಸುಮಾರು 40 ಕಿ.ಮೀ., ಚಿಕ್ಕಮಗಳೂರು 25 ಕಿ.ಮೀ. ಆಸುಪಾಸು. ಯಾವ ಆಸ್ಪತ್ರೆ, ಯಾರ ಗಾಡಿ, ರಾತ್ರಿಯಾದರೆ ಯಾರನ್ನು ಎಬ್ಬಿಸುವುದು, ಇದೆಲ್ಲ ಮೊದಲೇ ಗೊತ್ತಿರಲಿ.

ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಲಮೂಳೆ, ಸೊಂಟ, ಹಿಮ್ಮಡಿ, ಭುಜ ಈ ಜಾಗಗಳಲ್ಲಿ ಚರ್ಮ ಕೆಂಪಗೆ ಅಥವಾ ಕಪ್ಪಗೆ ಆಗಿದೆಯಾ ಅಂತ ದಿನಾ ನೋಡಬೇಕು. ಬಣ್ಣ ಬದಲಾದ ಜಾಗವನ್ನು ತಿಕ್ಕಬಾರದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಿ. ಊಟ ಕೂರಿಸಿಯೇ ಮಾಡಿಸಿ. ಚಳಿಗೆ ಅಂತ ಬಾಗಿಲು ಕಿಟಕಿ ಹಾಕಿ ಒಳಗೆ ಕೆಂಡದ ಬಾಣಲೆ ಇಡುವ ರೂಢಿ ಮಲೆನಾಡಲ್ಲಿದೆ. ಕೆಂಡದಿಂದ ಬರುವ ವಿಷದ ಗಾಳಿಗೆ ವಾಸನೆ ಇಲ್ಲ, ಗೊತ್ತಾಗದೆ ನಿದ್ದೆಯಲ್ಲೇ ಕೊಲ್ಲುತ್ತದೆ. ಇನ್ನೊಂದು ಕಂಬಳಿ ಹೊದಿಸಿ.

ಗಂಡಸರ ವಿಷಯಕ್ಕೆ ಒಂದಿಬ್ಬರು ಗಂಡಸರೂ ನಿಮ್ಮ ಜೊತೆ ಬೇಕು. ಮೂತ್ರ ಸಲೀಸಾಗಿ ಹೋಗುತ್ತಿಲ್ಲ ಅಂತ ಎಂಬತ್ತರ ಗೌಡರು ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ. ಪ್ರಾಸ್ಟೇಟ್ ಗ್ರಂಥಿ ದಪ್ಪಗಾದವರು ಅಂಗಡಿಯ ನೆಗಡಿ ಮಾತ್ರೆ ನುಂಗಿದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ನಿವೃತ್ತ ಮೇಷ್ಟ್ರು, ಹಾಲಿನ ಡೈರಿಯ ಕಾರ್ಯದರ್ಶಿ ಇಂಥವರು ಯಾರಾದರೂ ಸಿಗುತ್ತಾರೆ.

ಮನಸ್ಸಿನ ಬಗ್ಗೆ ಕೇಳಲು ಹಿಂಜರಿಯಬೇಡಿ. ‘ಎರಡು ವಾರದಿಂದ ಬೇಜಾರು ಜಾಸ್ತಿ ಇದೆಯಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದುದೂ ಬೇಡ ಅನಿಸುತ್ತಿದೆಯಾ?’ ಈ ಎರಡು ಪ್ರಶ್ನೆ ಸಾಕು. ಹೌದು ಅಂದರೆ ಡಾಕ್ಟರಿಗೆ ತೋರಿಸಬೇಕಾದ ವಿಷಯವೇ. ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಾತು ಬಂದರೆ ಅದನ್ನು ಮಾಮೂಲಿ ಗೊಣಗಾಟ ಅಂದುಕೊಳ್ಳಬೇಡಿ. ಮನೆಯಲ್ಲಿರುವ ಕಳೆನಾಶಕ, ಕೀಟನಾಶಕದ ಬಾಟಲಿಗಳನ್ನು ಬೀಗ ಹಾಕಿ ಇಡಿಸಿ, ಒಬ್ಬರನ್ನೇ ಬಿಡಬೇಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನೀವು ಮಾಡಬಾರದ್ದೂ ಇದೆ. ಮಾತ್ರೆ ಹಂಚಬೇಡಿ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಇಂಜೆಕ್ಷನ್ ಮಾತೇ ಬೇಡ. ಪಿಂಚಣಿ ದುಡ್ಡು ತಂದುಕೊಡಿ ಅಂತ ಎಟಿಎಂ ಕಾರ್ಡ್ ಕೈಗಿಟ್ಟರೆ ತೆಗೆದುಕೊಳ್ಳಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ಒಂದು ಮನೆಯಲ್ಲಿ ಕಂಡ ಅತ್ತೆ ಸೊಸೆ ಜಗಳ ಸಂಘದ ಸಭೆಯಲ್ಲಿ ಬಾಯಿಗೆ ಬರಬಾರದು. ಒಂದು ಸಲ ಬಂದರೆ ಆ ಬಾಗಿಲು ನಿಮಗೆ ಮುಚ್ಚಿತು ಅಂತಲೇ ತಿಳಿಯಿರಿ. ಊಟ ಹಾಕದಿರುವುದು, ಹೊಡೆಯುವುದು, ಜಮೀನು ಬರೆಸಿಕೊಂಡು ಹೊರಗೆ ಹಾಕುವುದು ಕಂಡರೆ ಮಾತ್ರ ಸುಮ್ಮನಿರಬೇಡಿ. 14567 ಹಿರಿಯರ ಸಹಾಯವಾಣಿ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ ಹಿರಿಯರು ಉಪವಿಭಾಗಾಧಿಕಾರಿ ಮುಂದೆ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿಸಿಕೊಂಡು ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಲೂ ಅವಕಾಶ ಇದೆ. ಆ ಷರತ್ತನ್ನು ಪತ್ರದಲ್ಲೇ ಬರೆಸಿರುವುದು ಕ್ಷೇಮ.

ಸರ್ಕಾರದ ಕಡೆಯಿಂದ ಸಿಗುವುದನ್ನು ಬಿಡಬೇಡಿ, ಆದರೆ ಅದಕ್ಕೇ ಕಾಯುತ್ತಲೂ ಕೂರಬೇಡಿ. ನಿಮ್ಮ ಆಶಾ ಕಾರ್ಯಕರ್ತೆ ಈಗಾಗಲೇ ಬಾಣಂತಿ, ಮಗು, ಲಸಿಕೆ, ಸರ್ವೆ ಅಂತ ಸೋತಿರುತ್ತಾರೆ. ಅವರ ಕೆಲಸ ಹಗುರ ಮಾಡುವವರಾಗಿ ಹೋಗಿ, ಲೆಕ್ಕ ಕೇಳುವವರಾಗಿ ಅಲ್ಲ. ಉಪಕೇಂದ್ರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಮಲಗಿಸಿ ನಿಲ್ಲಿಸಿ ಬಿಪಿ ಅಳೆಯುವುದನ್ನು ಅವರಿಂದಲೇ ಕಲಿಯಿರಿ. ಬಿಪಿ, ಶುಗರ್ ಮಾತ್ರೆ ಅಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ, ಒಂದು ತಿಂಗಳಿಗೆ ಆಗುವಷ್ಟು ಕೇಳಿ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಬಂದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಉದ್ದೇಶ ಇದೆ. ನಿಮ್ಮ ಪಟ್ಟಿ ಅವರ ಕೈಗೆ ಕೊಟ್ಟರೆ ಮಲಗಿದವರ ಮನೆ ತಪ್ಪಿಹೋಗುವುದಿಲ್ಲ. ಊರುಗೋಲು, ಗಾಲಿಕುರ್ಚಿ, ಕಿವಿಯ ಮಿಷನ್ ಬೇಕಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ, ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಒಂದಿಷ್ಟು ಮುಕ್ತ ಹಣ ಇರುತ್ತದೆ. ಬಿಪಿ ಮಿಷನ್, ಗ್ಲುಕೋಮೀಟರ್ ಸ್ಟ್ರಿಪ್‌ಗಳಿಗೆ ಅಲ್ಲಿ ಕೇಳಿ. ತೋಳಿಗೆ ಕಟ್ಟುವ ಮಿಷನ್ನೇ ಕೊಳ್ಳಿ, ಮಣಿಕಟ್ಟಿನದು ಬೇಡ.

ಹಿರಿಯರನ್ನು ನೋಡಿಕೊಳ್ಳುವ ಮನೆಯ ಹೆಂಗಸನ್ನೂ ಪಟ್ಟಿಗೆ ಸೇರಿಸಿ. ಹಾಸಿಗೆ ಹಿಡಿದ ಮಾವನನ್ನು ಎರಡು ವರ್ಷದಿಂದ ತೊಳೆದು ಬಳಿದು ಮಾಡುತ್ತಿರುವ ಸೊಸೆಗೆ ತವರಿಗೆ ಹೋಗಲೂ ಆಗಿರುವುದಿಲ್ಲ. ಅವಳಿಗೂ ಬಿಪಿ ಇರಬಹುದು, ಯಾರೂ ನೋಡಿಲ್ಲ. ತಿಂಗಳಿಗೊಂದು ದಿನ ನಿಮ್ಮಲ್ಲಿ ಇಬ್ಬರು ಅಲ್ಲಿ ಕೂತು ಅವಳನ್ನು ಹೊರಗೆ ಕಳಿಸಿ. ಜಾತ್ರೆಗಾಗಲಿ, ಸಂತೆಗಾಗಲಿ, ಎಲ್ಲಿಗೆ ಅಂತ ಕೇಳಬೇಡಿ.

ಶುರು ಮಾಡಲು ಒಳ್ಳೆಯ ಕಾಲ ಮುಂಗಾರಿಗೆ ಮೊದಲು, ಪಾಚಿ ಕಟ್ಟುವುದರೊಳಗೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಿಮ್ಮಲ್ಲಿ ಹೆಚ್ಚಿನವರಿಗೆ ಬಿಡುವು ಸಿಗುವುದಿಲ್ಲ. ಆಗ ಗಟ್ಟಿಮುಟ್ಟಾಗಿರುವವರ ಮನೆ ಹದಿನೈದು ದಿನಕ್ಕೊಮ್ಮೆ ಆದರೂ ನಡೆಯುತ್ತದೆ. ಒಂಟಿಯಾಗಿರುವವರದು, ಹಾಸಿಗೆ ಹಿಡಿದವರದು ಮಾತ್ರ ವಾರ ತಪ್ಪಬಾರದು. ಕೊಯ್ಲಿಗೆ ಹೋಗದ ಒಬ್ಬರನ್ನು ಆ ಮನೆಗಳಿಗೆ ಈಗಲೇ ಗೊತ್ತು ಮಾಡಿಡಿ.